97 ವರ್ಷ ಬಾಳಿದ ಅಜ್ಜಿಯ ಸ್ಮರಣೆಯನ್ನು ಹೇಗೆ ಬರೆಯಬೇಕು?

ಪ್ರಶ್ನೆ: ಕುಲಶೇಖರದ ಮೊಮ್ಮಗಳು

ಮಾನ್ಯರೇ, ನಮ್ಮದು ಕಥೋಲಿಕ ಕ್ರೈಸ್ತ ಕುಟುಂಬ. ನಮ್ಮ ಅಜ್ಜಿ ಕಳೆದ ತಿಂಗಳು ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. 1928ರಲ್ಲಿ ಉಡುಪಿ ಜಿಲ್ಲೆಯ ಶಿರ್ವದ ಕಡೆಯ ಒಕ್ಕಲು ಮನೆಯೊಂದರಲ್ಲಿ ಹುಟ್ಟಿ, ಮದುವೆಯಾಗಿ ಮಂಗಳೂರಿಗೆ ಬಂದು, ನಲವತ್ತು ದಾಟುವ ಮೊದಲೇ ಗಂಡನನ್ನು ಕಳೆದುಕೊಂಡು, ಏಳು ಮಕ್ಕಳನ್ನು ದಡ ಸೇರಿಸಿದವರು ಅವರು. ವರ್ಷದ ಪೂಜೆಯ ದಿನ ಬಂಧುಗಳಿಗೂ ನೆರೆಹೊರೆಯವರಿಗೂ ಹಂಚಲು ಕನ್ನಡದಲ್ಲಿ ಒಂದು ಕಿರುಪುಸ್ತಿಕೆ ತರಬೇಕೆಂದು ಮನೆಯವರು ನಿರ್ಧರಿಸಿದ್ದು, ಬರೆಯುವ ಹೊಣೆ ನನಗೆ ಬಂದಿದೆ.

ಯಾರನ್ನು ಕೇಳಿದರೂ ಅವರು ದೈವಭಕ್ತೆ, ದಿನವೂ ಇಗರ್ಜಿಗೆ ಹೋಗುತ್ತಿದ್ದರು, ಸಂಜೆಯ ಜಪಸರವನ್ನು ಎಂದೂ ಬಿಟ್ಟವರಲ್ಲ ಎನ್ನುತ್ತಾರೆ. ಎಲ್ಲವೂ ನಿಜ. ಆದರೆ ಆ ತಲೆಮಾರಿನ ಯಾವ ಅಜ್ಜಿಯ ಕುರಿತೂ ಇದನ್ನೇ ಬರೆಯಬಹುದು. ನಮ್ಮ ಅಜ್ಜಿಯೊಬ್ಬರದೇ ಆದ ಭಕ್ತಿಯನ್ನು ಓದುವವರಿಗೆ ಕಾಣಿಸುವುದು ಹೇಗೆ? ಇನ್ನೊಂದು ಸಂಗತಿಯೂ ಇದೆ. ಕಿರಿಯ ಮಗ ಅನ್ಯಧರ್ಮದ ಹುಡುಗಿಯನ್ನು ಮದುವೆಯಾದಾಗ ಅಜ್ಜಿ ಬಹಳ ವರ್ಷ ಆ ಮನೆಯಲ್ಲಿ ನೀರನ್ನೂ ಮುಟ್ಟಿರಲಿಲ್ಲ. ಇದನ್ನು ಬರೆಯಬಾರದೆಂದು ಹಿರಿಯರ ಅಭಿಪ್ರಾಯ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಅಧ್ಯಾಪಕ, ಉಡುಪಿ

ಮೊದಲು ಅಜ್ಜಿಯ ತವರಿನ ಧರ್ಮಕೇಂದ್ರಕ್ಕೆ (ಊರಿನ ಇಗರ್ಜಿಗೆ) ಹೋಗಿ ದೀಕ್ಷಾಸ್ನಾನದ (ಬ್ಯಾಪ್ಟಿಸಮ್‌ನ) ದಾಖಲೆಯನ್ನು ನೋಡಿರಿ. ಉಡುಪಿ 2012ರಲ್ಲಿ ಮಂಗಳೂರಿನಿಂದ ಬೇರೆಯಾಗಿ ಪ್ರತ್ಯೇಕ ಧರ್ಮಪ್ರಾಂತ್ಯ (ಬಿಷಪರ ಆಡಳಿತದ ವಲಯ) ಆದರೂ ಪುಸ್ತಕಗಳು ಆಯಾ ಇಗರ್ಜಿಯಲ್ಲಿಯೇ ಇರುತ್ತವೆ. ಹಳೆಯವು ಬಹುಮಟ್ಟಿಗೆ ಲ್ಯಾಟಿನ್ ಭಾಷೆಯಲ್ಲಿದ್ದು, ತಂದೆತಾಯಿಯರ ಮತ್ತು ದೇವಮಾತಾಪಿತರ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವರ) ಹೆಸರುಗಳನ್ನು ತಿಳಿಸುತ್ತವೆ. ಮುಂದೆ ನಡೆದ ಮದುವೆಯನ್ನೂ ಅದೇ ನಮೂದಿನ ಪಕ್ಕದಲ್ಲಿ ಬರೆಯುವ ಕ್ರಮವಿದೆ.

ಇನ್ನು ಭಕ್ತಿಯ ವಿಷಯ. ನಿಮ್ಮ ಅಜ್ಜಿಯ ಆಯುಷ್ಯದಲ್ಲಿ ಧರ್ಮಸಭೆಯ ಆಚರಣೆ ಎಷ್ಟು ಬದಲಾಯಿತೆಂಬುದನ್ನು ಮುಂದಿಟ್ಟುಕೊಂಡು ಅವರು ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂದು ಮನೆಯವರನ್ನು ವಿಚಾರಿಸಿ. ಪೂಜೆಯಲ್ಲಿ ಪರಮಪ್ರಸಾದ (ಪವಿತ್ರೀಕರಿಸಿದ ರೊಟ್ಟಿ) ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ಒಂದು ತೊಟ್ಟು ನೀರನ್ನೂ ಕುಡಿಯಬಾರದೆಂಬ ನಿಯಮ 1953ರವರೆಗೆ ಇತ್ತು. ಆ ವರ್ಷ ನೀರಿಗೆ ಅನುಮತಿ ದೊರೆಯಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ನಿಮ್ಮ ಅಜ್ಜಿ ತಮ್ಮ ಇಪ್ಪತ್ತೈದನೆಯ ವಯಸ್ಸಿನವರೆಗೂ ಹಳೆಯ ನಿಯಮದಲ್ಲಿಯೇ ಬೆಳೆದವರು. ಗದ್ದೆಗೆಲಸವಿದ್ದಾಗ, ಬಸುರಿಯಾಗಿದ್ದಾಗ, ಮೈಲುಗಟ್ಟಲೆ ನಡೆದು ಬೆಳಗಿನ ಪೂಜೆಗೆ ಹೋಗುವಾಗ ಅದು ಎಂತಹ ಕಷ್ಟವಾಗಿದ್ದಿರಬೇಕು! ನನ್ನ ತಾಯಿಯವರು ನಿಯಮ ಸಡಿಲವಾದ ಮೇಲೆಯೂ ಕೊನೆಯವರೆಗೆ ಮಧ್ಯರಾತ್ರಿಯ ಉಪವಾಸವನ್ನೇ ಪಾಲಿಸಿದರು. ಹಾಗೆಯೇ ಧರ್ಮಸಭೆಯ ಆಚರಣೆಗಳನ್ನು ಸುಧಾರಿಸಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಪೂಜೆ ಹೋಗಿ ಕೊಂಕಣಿ ಬಂದಾಗ ನಿಮ್ಮ ಅಜ್ಜಿಗೆ ಏನೆನಿಸಿತೆಂಬುದನ್ನು ಹಿರಿಯ ಮಕ್ಕಳು ಬಲ್ಲರು.

ಪ್ರಾರ್ಥನೆಯ ಆಚೆಗೂ ಹುಡುಕಬೇಕು. ಚಾಲಗೇಣಿಯ (ಒಡೆಯ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿಯ) ಜಮೀನಾಗಿದ್ದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಜಮೀನಿನ ಹಕ್ಕು ಕೋರಿ ಡಿಕ್ಲರೇಶನ್ (ಅರ್ಜಿ) ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತವರು ಯಾರು? ಗಂಡನಿಲ್ಲದ ಮನೆಯಲ್ಲಿ ಅದು ಅಜ್ಜಿಯೇ ಆಗಿದ್ದರೆ ಆ ಕಾಗದಪತ್ರಗಳಿಗೆ ಪುಸ್ತಿಕೆಯಲ್ಲಿ ಒಂದು ಪುಟ ಸಲ್ಲಬೇಕು.

ಉತ್ತರ: ನೆರೆಮನೆಯವಳು, ಮೂಡುಬಿದಿರೆ

ನಾನು ಕಥೋಲಿಕಳಲ್ಲ, ಆದರೆ ಅಂತಹ ಒಬ್ಬ ಹಿರಿಯರ ಅಂಗಳದಲ್ಲಿ ಬೆಳೆದವಳು. ನಾವು ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದೆವು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮೇರಿಮಾತೆಯ ಜನ್ಮದಿನದ, ಹೊಸ ತೆನೆಯ ಹಬ್ಬದ) ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಕಾಳುಗಳನ್ನು ಅವರು ಮನೆಮಂದಿಗೆ ಹಂಚಿದ ಮೇಲೆ, ಮುಂಬಯಿಯಲ್ಲಿಯೂ ಕೊಲ್ಲಿಯಲ್ಲಿಯೂ ಇದ್ದ ಮಕ್ಕಳಿಗೆಂದು ಕೆಲವನ್ನು ಲಕೋಟೆಗೆ ಹಾಕುತ್ತಿದ್ದರು. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದಾಗಿತ್ತು. ಒಳಗಿನ ಪತ್ರವನ್ನು ಮಾತ್ರ ಅವರೇ ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆಯುತ್ತಿದ್ದರು. ನಿಮ್ಮ ಅಜ್ಜಿಯ ದೂರದಲ್ಲಿದ್ದ ಮಕ್ಕಳು ಅಂತಹ ಪತ್ರಗಳನ್ನು ಇಟ್ಟುಕೊಂಡಿದ್ದಾರೆಯೇ ಎಂದು ದಯವಿಟ್ಟು ಕೇಳಿ ನೋಡಿ, ಏಕೆಂದರೆ ಅವರ ಸ್ವಂತ ಮಾತು ಉಳಿದಿರುವುದು ಅಲ್ಲಿಯೇ. ಅಜ್ಜಿಯೊಂದಿಗೆ ನೇಜಿ (ಭತ್ತದ ಸಸಿ) ನೆಟ್ಟವರು, ಬೀಡಿ ಕಟ್ಟಿದವರು ಈಗಲೂ ಬದುಕಿದ್ದರೆ ಮೊದಲು ಅವರ ಬಳಿಗೆ ಹೋಗಿ.

ಉತ್ತರ: ಬೆಂದೂರಿನ ಓದುಗ

ಕಿರಿಯ ಮಗನ ಮದುವೆಯ ಪ್ರಸಂಗವನ್ನು ಬಿಡಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ಮಿಶ್ರವಿವಾಹದಲ್ಲಿ ಕಥೋಲಿಕರಲ್ಲದ ಸಂಗಾತಿಯೂ ಮಕ್ಕಳನ್ನು ಕಥೋಲಿಕರಾಗಿ ಬೆಳೆಸುವ ವಾಗ್ದಾನ ನೀಡಬೇಕೆಂಬ ಕಟ್ಟುನಿಟ್ಟನ್ನು ಪೋಪ್ ಆರನೆಯ ಪೌಲರು 1970ರಲ್ಲಿ ಸಡಿಲಿಸಿದರು. ಅಜ್ಜಿ ಧರ್ಮೋಪದೇಶ ಕಲಿತದ್ದು ಅದಕ್ಕೂ ಎಷ್ಟೋ ಹಿಂದೆ. ಅವರ ಮುನಿಸಿನಲ್ಲಿ ಹಟದ ಜೊತೆಗೆ ಮಗನ ಆತ್ಮದ ಕುರಿತ ನಿಜವಾದ ಭಯವೂ ಇತ್ತು. ಅದನ್ನು ಮರೆಮಾಚಿದರೆ, ಮುಂದೆ ಅವರು ಮನಸ್ಸು ಬದಲಿಸಿದ್ದರೆ ಆ ಬದಲಾವಣೆಯ ಬೆಲೆಯೂ ಮರೆಯಾಗುತ್ತದೆ. ಆದರೆ ನೋವುಂಡವರು ಸೊಸೆ. ಅವರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬೇಡಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಆ ಕಿರಿಯ ಮಗನ ಪತ್ನಿ, ನಮ್ಮ ಚಿಕ್ಕಮ್ಮನವರೊಂದಿಗೆ ಮಾತನಾಡಿದೆ. ಅವರ ಮೊದಲ ಹೆರಿಗೆಯ ಸಮಯದಲ್ಲಿ ಅಜ್ಜಿ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು ಬಾಣಂತನ ಮುಗಿಯುವವರೆಗೆ ಅಲ್ಲಿಯೇ ಉಳಿದಿದ್ದರೆಂದೂ, ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ತಾವು ಹಿತ್ತಿಲಿನಲ್ಲಿ ಕುಳಿತು ಜಪಸರ ಮುಗಿಸುತ್ತಿದ್ದರೆಂದೂ ತಿಳಿಯಿತು. ಆ ಭಾಗವನ್ನು ಚಿಕ್ಕಮ್ಮ ತಾವೇ ಬರೆದುಕೊಡಲು ಒಪ್ಪಿದ್ದಾರೆ. ಹಿರಿಯರೂ ಈಗ ಬೇಡವೆನ್ನುತ್ತಿಲ್ಲ. ಮುಂದಿನ ವಾರ ಶಿರ್ವಕ್ಕೆ ಹೋಗುವವಳಿದ್ದೇನೆ. ಲ್ಯಾಟಿನ್ ನಮೂದುಗಳನ್ನು ಓದಿ ಹೇಳಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ.