ಬಣ್ಣಕ್ಕೇನು ಅವಸರ?

(ಇಂಗ್ಲೆಂಡಿನ ರೆಡಿಂಗ್ ಊರಿನ ಒಂದು ಗರಾಜು. ನಡುವೆ ಛಾವಣಿಯಿಲ್ಲದ ಹಳೇ ಕಾರು, 1966ರ ಎಂಜಿಬಿ ರೋಡ್‌ಸ್ಟರ್, ಸುತ್ತ ನಾಲ್ಕು ಜನ, ಒಂದು ಫ್ಲಾಸ್ಕ್ ಕಾಫಿ.)

ರಾಘು: ಎಲ್ರೂ ಸೇರಿ ಒಂದು ತೀರ್ಮಾನ ಹೇಳಿಬಿಡಿ. ಟಾರ್ಟನ್ ರೆಡ್ ಹೊಡೆಸ್ಲೋ, ಬ್ರಿಟಿಷ್ ರೇಸಿಂಗ್ ಗ್ರೀನೋ?

ಸೀನಣ್ಣ: ಮೊದಲು ಒಂದು ಆಯಸ್ಕಾಂತ ತಂದು ಬಾಗಿಲ ಕೆಳಗಡೆ ಅಂಟಿಸು.

ಮಂಜು: ಅಂಟಿಸಿದೆ. ಜಾರಿ ಬಿತ್ತು.

ವಸು: ಹಾಗಾದ್ರೆ ಅಲ್ಲಿರೋದು ತಗಡಲ್ಲ, ಪುಟ್ಟಿ.

ರಾಘು: ಹೊರಗಡೆಯಿಂದ ಪಳಪಳ ಅಂತಿದೆಯಲ್ಲೇ!

ಮಂಜು: ಪೌಡರ್ ಬಳಿದ ಮದುವೆ ಗಂಡೂ ಹಾಗೇ ಇರ್ತಾನೆ ಬಿಡು.

ಸೀನಣ್ಣ: ಈ ಗಾಡಿಗೆ ಮೇಲೆ ಛಾವಣಿ ಇಲ್ಲ ಕಣಪ್ಪ. ಬಾಡಿ ಬಾಗದ ಹಾಗೆ ಹಿಡಿದಿರೋದೇ ಬಾಗಿಲ ಕೆಳಗಿನ ಈ ತೊಲೆ, ಸಿಲ್. ಒಂದೇ ತಗಡು ಅಂದ್ಕೋಬೇಡ. ಒಳಗಿನ ಸಿಲ್, ನಡುವೆ ನಿಂತಿರೋ ಪೊರೆ ತಗಡು, ಹೊರಗಿನ ಸಿಲ್, ತಳಕ್ಕೆ ಕ್ಯಾಸಲ್ ರೈಲ್. ಇಷ್ಟೂ ಸೇರಿ ಒಂದು ಪೆಟ್ಟಿಗೆ. ಚಳಿಗಾಲದಲ್ಲಿ ಇವರು ರಸ್ತೆಗೆ ಉಪ್ಪು ಸುರೀತಾರೆ. ಮುಂದಿನ ಚಕ್ರ ಆ ಉಪ್ಪುಕೆಸರನ್ನ ವಿಂಗಿನ, ಅಂದ್ರೆ ಮಡ್ಗಾರ್ಡಿನ, ಹಿಂಭಾಗಕ್ಕೆ ಎಸೆಯುತ್ತೆ. ನೀರು ಇಳಿಯೋ ತೂತು ಕಟ್ಟಿಕೊಂಡ್ರೆ ಪೆಟ್ಟಿಗೆ ಒಳಗಿಂದಲೇ ಕೊಳೆಯುತ್ತೆ. ಹೊರಗೆ ಗುಳ್ಳೆ ಎದ್ದಾಗ ಒಳಗಿಂದು ಮುಗಿದಿರುತ್ತೆ.

ರಾಘು: ಸರಿ, ಬಾಗಿಲು ಕಳಚಿ, ಶನಿವಾರ ಎರಡೂ ಕಡೆ ಗ್ರೈಂಡರ್ ಹಾಕಿ ಕತ್ತರಿಸಿಬಿಡ್ತೀನಿ.

ಸೀನಣ್ಣ: ಕತ್ತರಿಸು. ಭಾನುವಾರ ಗಾಡಿ ಬಾಳೆಎಲೆ ಆಗಿರುತ್ತೆ, ಊಟಕ್ಕೆ ಕರಿ. ಎರಡೂ ಸಿಲ್ ತೆಗೆದ್ರೆ ಬಾಡಿ ಸೊಂಟದಲ್ಲೇ ಜಗ್ಗುತ್ತೆ. ಹಾಗೇ ಹೊಸ ಸಿಲ್ ಬೆಸೆದ್ರೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದೇ ಕಡೆ. ಬಾಗಿಲ ಸಂದಿನಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕದ ಕಬ್ಬಿಣದ ಪೈಪ್ ಕೊಟ್ಟು ಬಿಗಿ. ಸ್ಟ್ಯಾಂಡ್ ಕೊಡೋದು ಸಸ್ಪೆನ್ಷನ್ ಕೆಳಗೆ. ಗಾಡಿ ತನ್ನ ಚಕ್ರದ ಮೇಲೆ ನಿಂತ ಹಾಗೇ ಭಾರ ಕೂತಿರಬೇಕು. ಹೊಸ ಸಿಲ್ಲನ್ನ ಕ್ಲ್ಯಾಂಪಲ್ಲಿ ಹಿಡಿಸಿ, ಬಾಗಿಲು ತೂಗುಹಾಕಿ, ಸಂದು ಮೇಲಿಂದ ಕೆಳಗೆ ಸಮ ಇದೆಯಾ ನೋಡಿದ ಮೇಲೇ ವೆಲ್ಡಿಂಗು.

ವಸು: ಒಂದೇ ಸಮನೆ ಉದ್ದಕ್ಕೆ ಎಳೀಬೇಡ, ಬಿಸಿಗೆ ತಗಡು ಸೊಟ್ಟ ಆಗುತ್ತೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ. ಮಿಗ್ ವೆಲ್ಡಿಂಗ್ ಮಷೀನಿಗೆ 0.6 ಮಿಮೀ ತಂತಿ ಸಾಕು. ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡು, ಬ್ಯಾಟರಿ ಕಳಚು. ಕಾರ್ಪೆಟ್ ಕೆಳಗಿನ ಡಾಂಬರು ಶೀಟಿಗೆ ಬೆಂಕಿ ಹತ್ತೋಕೆ ಹೊತ್ತು ಬೇಡ. ಕೊನೇಲಿ ಒಳಗೆಲ್ಲ ವ್ಯಾಕ್ಸ್ ಸಿಂಪಡಿಸಿ, ನೀರಿನ ತೂತು ಮುಚ್ಚಿಹೋಗಿಲ್ಲ ಅಂತ ನೋಡ್ಕೋ.

ಮಂಜು: ಇಷ್ಟೆಲ್ಲ ಯಾಕೆ? ಹೊಸ ಬಾಡಿನೇ ಕೊಂಡ್ರಾಯ್ತಲ್ಲ.

ಸೀನಣ್ಣ: ತಮಾಷೆಗೆ ಅಂದೆ, ಆದ್ರೆ ನಿಜಕ್ಕೂ ಸಿಗುತ್ತೆ. ಬ್ರಿಟಿಷ್ ಮೋಟರ್ ಹೆರಿಟೇಜ್‌ನೋರು 1988ರಿಂದ ಹಳೇ ಅಚ್ಚುಗಳಲ್ಲೇ ಹೊಸ ಬಾಡಿ ಮಾಡ್ತಿದ್ದಾರೆ. ತಳ ಪೂರ್ತಿ ಹೋಗಿದ್ರೆ ಅದೇ ಲಾಭ. ಇದಕ್ಕೆ ಬೇಡ, ಸಿಲ್ ಸಾಕು.

ರಾಘು: ಬ್ಯಾಟರಿ ಅಂದ್ರಲ್ಲ, ಬಾನೆಟ್ ಒಳಗೆ ಕಾಣ್ತಾನೇ ಇಲ್ಲ.

ವಸು: ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ. 6 ವೋಲ್ಟಿಂದು ಎರಡು, ಒಂದರ ಹಿಂದೊಂದು ಜೋಡಿಸಿ 12. ಇದು ಪಾಸಿಟಿವ್ ಅರ್ತ್ ಗಾಡಿ, ಬಾಡಿಗೆ ಕೊಟ್ಟಿರೋದು ಬ್ಯಾಟರಿಯ ಪ್ಲಸ್ ತುದಿ, ನೆನಪಿರಲಿ. ಈಗಿನ ರೇಡಿಯೋ ತಂದು ಅಭ್ಯಾಸದ ಮೇಲೆ ಕೊಟ್ಟೆ ಅಂದ್ರೆ ಹಾಡೋ ಮುಂಚೆ ಹೊಗೆ ಬಿಡುತ್ತೆ.

ಮಂಜು: ಲೂಕಸ್ ಕಂಪನಿ ವೈರಿಂಗ್ ಅಲ್ವಾ? ಲೂಕಸ್ ಅಂದ್ರೆ ಕತ್ತಲೆಗೇ ಯುವರಾಜ ಅಂತ ಇಲ್ಲಿಯೋರೇ ನಗ್ತಾರೆ.

ವಸು: ಅರ್ಧ ಅನ್ಯಾಯದ ಮಾತು ಅದು. ಇಷ್ಟು ವರ್ಷದಲ್ಲಿ ಹಾಳಾಗಿರೋದು ಹೆಚ್ಚಾಗಿ ಬುಲೆಟ್ ಕನೆಕ್ಟರು, ಅರ್ತ್ ಕೊಟ್ಟಿರೋ ಜಾಗ. ಬಿಚ್ಚಿ, ಉಜ್ಜಿ, ಹೊಸ ಕನೆಕ್ಟರ್ ಹಾಕಿದ್ರೆ ಅರ್ಧ ದೀಪ ತಾವಾಗೇ ಹತ್ಕೊಳ್ತವೆ. ಬಣ್ಣದ ಲೆಕ್ಕ ಸುಲಭ: ಕಂದು ಸದಾ ಕರೆಂಟ್ ಇರೋದು, ಬಿಳಿ ಕೀ ತಿರುಗಿಸಿದ್ರೆ ಬರೋದು, ಹಸಿರು ಅದೇ ಫ್ಯೂಸ್ ದಾಟಿದ ಮೇಲಿಂದು, ಕಪ್ಪು ಅರ್ತು.

ರಾಘು: ಎಂಜಿನ್ ಗೊಳೋ ಅನ್ನುತ್ತೆ. ಎರಡು ಕಾರ್ಬುರೇಟರ್ ಸ್ಕ್ರೂನೂ ತಿರುಗಿಸಿ ನೋಡ್ಲಾ?

ವಸು: ಕೈ ತೆಗಿ! ಕಾರ್ಬುರೇಟರ್ ಸರದಿ ಕೊನೇದು. ಮೊದಲು ವಾಲ್ವ್ ಸಂದು, ತಣ್ಣಗಿದ್ದಾಗ 0.015 ಇಂಚು. ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸಂದು 0.015, ಪ್ಲಗ್ 0.025, ಆಮೇಲೆ ಟೈಮಿಂಗ್. ಅದಾದ ಮೇಲೆ ಎಸ್‌ಯು, ಅಂದ್ರೆ ಈ ಕಾರ್ಬುರೇಟರ್. ಅದರ ಮೇಲಿನ ಗುಮ್ಮಟ, ಡ್ಯಾಶ್‌ಪಾಟ್, ಬಿಚ್ಚಿ ಪೆಟ್ರೋಲಲ್ಲಿ ತೊಳಿ, ಆದ್ರೆ ಈ ಪಿಸ್ಟನ್ ಆ ಡ್ಯಾಶ್‌ಪಾಟಿಗೆ ಹಾಕಬೇಡ, ಅವು ಜೋಡಿ ಜೋಡಿಯಾಗೇ ಹೊಂದಿರ್ತವೆ. ಪಿಸ್ಟನ್ ಎತ್ತಿ ಬಿಟ್ರೆ ಟಕ್ ಅಂತ ಕೂರಬೇಕು. ಮೇಲಿನ ಡ್ಯಾಂಪರಿಗೆ 20 ಗ್ರೇಡ್ ಎಣ್ಣೆ. ಎಣ್ಣೆ ಒಣಗಿದ್ರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತೆ.

ಸೀನಣ್ಣ: ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ಹೆಚ್ಚುಕಮ್ಮಿ ಮಾಡೋ ಜೆಟ್ ನಟ್ಟನ್ನ ಮೇಲಿನ ತುದಿಯಿಂದ ಎರಡು ಸುತ್ತು ಕೆಳಗಿಳಿಸಿ ಶುರು ಮಾಡು. ಎಂಜಿನ್ ಕಾದ ಮೇಲೆ ಎರಡಕ್ಕೂ ನಡುವಿನ ಕ್ಲಾಂಪ್ ಸಡಿಲಿಸಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರ ಉಸಿರೂ ಒಂದೇ ಸಮ ಕೇಳಬೇಕು. ಆಮೇಲೆ ಪಿಸ್ಟನ್ನನ್ನ ಕೂದಲೆಳೆಯಷ್ಟು ಎತ್ತು. ವೇಗ ಏರಿ ಹಾಗೇ ನಿಂತ್ರೆ ಪೆಟ್ರೋಲ್ ಜಾಸ್ತಿ, ನಟ್ ಮೇಲಕ್ಕೆ. ಎಂಜಿನ್ ಸಾಯೋಕೆ ಹೊರಟ್ರೆ ಕಮ್ಮಿ, ಕೆಳಕ್ಕೆ. ಚೂರು ಏರಿ ಮತ್ತೆ ಇಳಿದ್ರೆ ಅಲ್ಲೇ ಬಿಡು. ಒಂದು ಸಲಕ್ಕೆ ನಟ್ಟಿನ ಒಂದೇ ಮುಖ.

ರಾಘು: ಇಂಧನದ ಪೈಪೂ ಬದಲಿಸಬೇಕಾ?

ವಸು: ಬದಲಿಸು. ಇಲ್ಲಿನ ಮಾಮೂಲಿ ಪೆಟ್ರೋಲಲ್ಲಿ 2021ರಿಂದ ಶೇ. 10ರವರೆಗೆ ಎಥನಾಲ್ ಇದೆ, ಹಳೇ ರಬ್ಬರನ್ನ ತಿನ್ನುತ್ತೆ. ಪೆಟ್ರೋಲ್ ಪಂಪ್ ಟಿಕ್ ಟಿಕ್ ಅನ್ನದೆ ಸುಮ್ಮನಿದ್ರೆ ಒಳಗಿನ ಪಾಯಿಂಟ್ ಅಂಟಿಕೊಂಡಿರುತ್ತೆ. ಮೆಲ್ಲಗೆ ತಟ್ಟಿದ್ರೆ ಏಳುತ್ತೆ, ಆದ್ರೆ ಅದು ಮನೆ ಸೇರೋಕಷ್ಟೆ. ಪಾಯಿಂಟ್ ಹೊಸದು ಹಾಕು.

ಸೀನಣ್ಣ: ಮತ್ತೆ ಇಂಚಿನ ಸ್ಪ್ಯಾನರ್ ಸೆಟ್ ತಗೋ. ಅರ್ಧ ಇಂಚು ಅಂದ್ರೆ 12.7 ಮಿಮೀ. 13ರ ಸ್ಪ್ಯಾನರ್ ಹಾಕಿದ್ರೆ ತುಕ್ಕು ಹಿಡಿದ ಬೋಲ್ಟಿನ ತಲೆ ಗುಂಡಗಾಗುತ್ತೆ. (ಬಲಗಡೆಯಿಂದ ಢಣ್ ಢಣ್ ಸದ್ದು.) ಏನೋ ಅದು ಮಂಜು?

ಮಂಜು: ಚಕ್ರ ಬಿಚ್ತಿದ್ದೀನಿ. ನಡುವಿನ ರೆಕ್ಕೆ ನಟ್ಟಿಗೆ ಆಗಿಂದ ಹೊಡೀತಿದ್ದೀನಿ, ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ.

ವಸು: ಯಾವ ಕಡೆಗೆ ಹೊಡೀತಿದ್ದೀಯ?

ಮಂಜು: ಎಲ್ಲಾ ನಟ್ಟಿನ ಹಾಗೇ, ಗಡಿಯಾರಕ್ಕೆ ಉಲ್ಟಾ.

ವಸು: ಬಲಗಡೆ ಚಕ್ರಕ್ಕೆ ಎಡ ಥ್ರೆಡ್ ಇರುತ್ತೆ ಮಾರಾಯ! ಗಾಡಿ ಮುಂದಕ್ಕೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತೋ ಆ ಕಡೆಗೆ ಹೊಡೆದ್ರೆ ಬಿಚ್ಚಿಕೊಳ್ಳುತ್ತೆ. ಹಬ್ ಅದಲುಬದಲಾದ್ರೆ ರಸ್ತೆಯಲ್ಲಿ ನಟ್ ತಾನಾಗೇ ಸಡಿಲ ಆಗುತ್ತೆ ಗೊತ್ತಾ?

ಮಂಜು: ಹಾಗಾದ್ರೆ ಇಷ್ಟು ಹೊತ್ತು...

ಸೀನಣ್ಣ: ಬಿಗೀತಿದ್ದೆ. ಆ ಒಂದು ಚಕ್ರದ ಬಗ್ಗೆ ರಾಘುಗೆ ಇನ್ನು ಚಿಂತೆ ಇಲ್ಲ.