ಸಹಾಯ ಬೇಕು: ಪ್ರಳಯದ ಕಥೆಗಳ ಜಾಡಿನಲ್ಲಿ ಮುಂದೇನು ಓದಲಿ?

ಎಲ್ಲರಿಗೂ ನಮಸ್ಕಾರ. ನನ್ನ ಓದಿಗೆ ಶಿಸ್ತಿಲ್ಲ. ಧರ್ಮಗ್ರಂಥ, ಇತಿಹಾಸ, ವಿಚಿತ್ರ ಕಾದಂಬರಿ ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಸದ್ಯಕ್ಕೆ ಪ್ರಳಯದ ಕಥೆಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಪ್ರಾಚೀನ ಮೆಸೊಪೊಟೇಮಿಯಾದ (ಇಂದಿನ ಇರಾಕ್ ಪ್ರದೇಶ) ಗಿಲ್ಗಮೆಶ್ ಕಾವ್ಯದ 11ನೆಯ ಮಣ್ಣಿನ ಫಲಕದಲ್ಲಿ ನಾವೆಯಿಂದ ಮೊದಲು ಪಾರಿವಾಳ, ಆಮೇಲೆ ಕವಲುತೋಕೆ ಹಕ್ಕಿ, ಕೊನೆಗೆ ಕಾಗೆ ಹಾರುತ್ತವೆ. ಬೈಬಲಿನ ನೋಹ ಕಾಗೆಯನ್ನು ಮೊದಲೇ ಬಿಡುತ್ತಾನೆ, ಪಾರಿವಾಳದ ಸರದಿ ನಂತರ. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಮನುವಿನ ಕಥೆಯಲ್ಲಿ ಹಕ್ಕಿಗಳೇ ಇಲ್ಲ. ಅಲ್ಲಿ ಮೀನಿನ ಕೊಂಬಿಗೆ ದೋಣಿಯ ಹಗ್ಗ ಬಿಗಿದರೆ ಸಾಕು. ಮೊದಲೆರಡರ ಹೋಲಿಕೆ ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುತ್ತದೆ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಜಾರ್ಜ್ ಸ್ಮಿತ್ ಆ ಫಲಕವನ್ನು ಓದಿ ಹೇಳಿದಾಗ ಲಂಡನ್ನಿನಲ್ಲಿ ಗದ್ದಲವೆದ್ದದ್ದು ಸಹಜವೇ. ಮನುವಿನ ಕಥೆಯನ್ನೂ ಅದೇ ಸಾಲಿಗೆ ಸೇರಿಸಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಇತಿಹಾಸದ ಕಡೆ, ಮೆಸೊಪೊಟೇಮಿಯಾದ ಊರ್ ನಗರದ ಉತ್ಖನನದಲ್ಲಿ ಸಿಕ್ಕ ದಪ್ಪ ಹೂಳಿನ ಪದರವನ್ನು ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಪ್ರಳಯದ ಸಾಕ್ಷಿ ಎಂದದ್ದು ಗೊತ್ತು. ಬೇರೆ ನಗರಗಳ ಪದರಗಳು ಬೇರೆ ಕಾಲದವು, ಹಾಗಾಗಿ ಒಂದೇ ಪ್ರಳಯದ ಗುರುತಲ್ಲ ಎಂಬುದೂ ಗೊತ್ತು.

ಬೇಕಾದದ್ದು ಇಷ್ಟು: ಈ ಮೂರು ಕಥೆಗಳನ್ನು ಹೋಲಿಸುವ, ಭಕ್ತಿಗೂ ಲೇವಡಿಗೂ ಜಾರದ ಒಂದು ಪುಸ್ತಕ. ಜೊತೆಗೆ ಪ್ರಳಯವನ್ನು ವಿಚಿತ್ರ ಕೋನದಿಂದ ಹೇಳುವ ಕಾದಂಬರಿಗಳು. ನಾವೆಯೊಳಗೆ ಕದ್ದು ಸೇರಿದ ಮರಕೊರಕ ಹುಳು ಕಥೆ ಹೇಳುವ 1989ರ ಇಂಗ್ಲಿಷ್ ಪುಸ್ತಕವನ್ನು ಓದಿದ್ದೇನೆ, ಅದನ್ನು ಬಿಟ್ಟು ಹೇಳಿ. ಕನ್ನಡದಲ್ಲಿದ್ದರೆ ಇನ್ನೂ ಸಂತೋಷ. ಹೀಗೆ ಚದುರಿದ ಓದಿಗೆ ಟಿಪ್ಪಣಿ ಇಡುವವರು ಗ್ರಂಥದ ಪ್ರಕಾರ ಇಡುತ್ತೀರೋ, ವಿಷಯದ ಪ್ರಕಾರವೋ? ಅದನ್ನೂ ತಿಳಿಸಿ.