ಓದುಗರ ಸ್ಪಂದನ: ರಿಲೀವರ್ ಬರದ ರಾತ್ರಿಗಳು

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಕಳೆದ ಸಂಚಿಕೆಯಲ್ಲಿ ಹೀಗೆ ಬರೆದಿದ್ದರು: ಮಧ್ಯಾಹ್ನ 2ಕ್ಕೆ ಡ್ಯೂಟಿಗೆ ಹೋದರೆ ರಾತ್ರಿ 8ಕ್ಕೆ ಹೊರಡಬೇಕು. ರಿಲೀವರ್, ಅಂದರೆ ಮುಂದಿನ ಪಾಳಿಗೆ ನನ್ನ ಜಾಗಕ್ಕೆ ಬರಬೇಕಾದ ನರ್ಸ್, ಬರುವುದಿಲ್ಲ. ‘ಸಿಸ್ಟರ್, ಇವತ್ತೊಂದು ದಿನ’ ಎನ್ನುತ್ತಾರೆ, ಬೆಳಗಾಗುತ್ತದೆ. ತಿಂಗಳಿಗೆ ಐದಾರು ಸಲ ಇದೇ ಪಾಡು. ಹಣವಿಲ್ಲ, ಬದಲಿ ರಜೆಯೂ ಸಿಗುವುದಿಲ್ಲ. ಮೂರು ವರ್ಷದ ಮಗಳನ್ನು ನೋಡಿಕೊಳ್ಳುವ ಅತ್ತೆ ಮುಖ ಊದಿಸಿಕೊಳ್ಳುತ್ತಾರೆ. ಮೂಲ ಅಂಕಪಟ್ಟಿಗಳು ಆಸ್ಪತ್ರೆಯ ಕಪಾಟಿನಲ್ಲಿವೆ. ಕೆಲಸ ಬಿಡಲೇ?

*

‘ಇವತ್ತೊಂದು ದಿನ’ ಎಂಬ ಮಾತನ್ನು ನಾನೂ ನೂರಾರು ಸಲ ಆಡಿದ್ದೇನೆ. ಅದಕ್ಕೂ ಮೊದಲು, ಸ್ಟಾಫ್ ನರ್ಸ್ ಆಗಿದ್ದಾಗ, ನೂರಾರು ಸಲ ಕೇಳಿಸಿಕೊಂಡಿದ್ದೇನೆ. ಅಂಥದ್ದೊಂದು ಡಬಲ್ ಡ್ಯೂಟಿಯ ಬೆಳಗಿನ ಜಾವ, ಹದಿನಾರನೆಯ ಗಂಟೆಯೋ ಏನೋ, ಇನ್ಸುಲಿನ್ ಎಳೆದುಕೊಂಡು ಮಂಚದ ಬಳಿ ಹೋದೆ. ರೋಗಿಯ ಹೆಂಡತಿ, ಓದು ಬಾರದ ಹೆಂಗಸು, ‘ಅಕ್ಕಾರೆ, ನಿನ್ನೆ ಮುಚ್ಚಳ ಕಿತ್ತಳೆ ಬಣ್ಣದ್ದಿತ್ತಲ್ಲ’ ಎಂದಳು. ಕೈಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜು. ಕೆಂಪು, ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ; ಕಿತ್ತಳೆ, 100 ಯೂನಿಟ್‌ನದ್ದಕ್ಕೆ. ಬಾಟಲಿ 100ರದ್ದು. ಹಾಗೇ ಚುಚ್ಚಿದ್ದರೆ ಎರಡೂವರೆ ಪಟ್ಟು ಇನ್ಸುಲಿನ್ ಆತನ ಮೈ ಸೇರುತ್ತಿತ್ತು. ಆ ಬಣ್ಣಗಳ ಪಾಠವನ್ನು ನಾನೇ ವಿದ್ಯಾರ್ಥಿನಿಯರಿಗೆ ಹೇಳಿಕೊಡುತ್ತಿದ್ದೆ.

ಆದ್ದರಿಂದ ‘ನನಗೆ ಕಷ್ಟ’ ಎಂದು ಹೇಳಬೇಡಿ, ‘ರೋಗಿಗೆ ಅಪಾಯ’ ಎಂದು ಹೇಳಿ. ಅದನ್ನೂ ಬಾಯಲ್ಲಿ ಹೇಳಬೇಡಿ. ವಾರ್ಡಿನ ರಿಪೋರ್ಟ್ ಪುಸ್ತಕದಲ್ಲಿ ಬರೆಯಿರಿ: ರಿಲೀವರ್ ಬಂದಿಲ್ಲ, ಇಷ್ಟು ಗಂಟೆಗೆ ಇಂಥವರಿಗೆ ತಿಳಿಸಿದ್ದೇನೆ, ನನ್ನ ಡ್ಯೂಟಿ ಶುರುವಾದದ್ದು ಇಷ್ಟಕ್ಕೆ, ಈಗ ರೋಗಿಗಳು ಇಷ್ಟು. ಬರೆದಿಟ್ಟ ಸಾಲಿಗೆ ಆಡಳಿತ ಹೆದರುವಷ್ಟು ಕಣ್ಣೀರಿಗೆ ಹೆದರುವುದಿಲ್ಲ. ಹ್ಯಾಂಡೋವರ್ ಕೊಡದೆ, ಅಂದರೆ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸದೆ, ಮಾತ್ರ ಎದ್ದು ಹೋಗಬೇಡಿ, ಅಲ್ಲಿ ತಪ್ಪು ನಿಮ್ಮ ಮೇಲೆ ಬರುತ್ತದೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3ಕ್ಕೆ ಒಬ್ಬರು ಇರಬೇಕು. ಅದರ ಮೇಲೆ ರಜೆಯವರ ಜಾಗ ತುಂಬಲು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ. ಎಲ್ಲರೂ ನುಂಗಿಹಾಕುವುದು ಈ ಮೂವತ್ತನ್ನೇ. ತಿಂಗಳಿಗೊಮ್ಮೆ ರಿಲೀವರ್ ಬರದಿದ್ದರೆ ಆಕಸ್ಮಿಕ. ಆರು ಸಲ ಬರದಿದ್ದರೆ, ಆ ರಿಲೀವರ್ ನೇಮಕವೇ ಆಗಿಲ್ಲ ಎಂದು ತಿಳಿಯಿರಿ.

– ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಧಾರವಾಡ

*

ಕಾನೂನಿನ ಮಾತು ಚಿಕ್ಕದಾಗಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ದಿನದ ಕೆಲಸ 8 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಲು ಕಾರ್ಮಿಕರ ಒಪ್ಪಿಗೆ ಬೇಕು, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ ಕೊಡಬೇಕು. ‘ನರ್ಸ್ ಕಾರ್ಮಿಕಳಲ್ಲ, ಸೇವಕಿ’ ಎಂಬ ವಾದ ಬರಬಹುದು. ಮೇಲ್ವಿಚಾರಣೆಯ ಹುದ್ದೆಯಲ್ಲದ ಸ್ಟಾಫ್ ನರ್ಸ್ ಆ ವಾದಕ್ಕೆ ತಲೆಬಾಗಬೇಕಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿಯೂ ಖಾಸಗಿ ನರ್ಸ್‌ಗಳ ಕೆಲಸದ ಅವಧಿ ಮತ್ತು ರಜೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಲಿ ಎಂದು ಶಿಫಾರಸು ಮಾಡಿತ್ತು. ಅಂಕಪಟ್ಟಿಗಳನ್ನು ಮೊದಲು ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಒಬ್ಬರೇ ಹೋಗದೆ ವಾರ್ಡಿನ ನಾಲ್ಕು ಜನ ಸೇರಿ ಕೇಳಿ.

– ವಕೀಲರು, ಹುಬ್ಬಳ್ಳಿ

*

ಕಳೆದ ಸಂಚಿಕೆಯಲ್ಲಿ ನರ್ಸ್ ಮೇಡಂ ಬರೆದದ್ದು ನಿಜ. ಆದರೆ ನನ್ನಂಥವನ ಮಾತನ್ನೂ ಕೇಳಿ. ತಾಲ್ಲೂಕು ಕೇಂದ್ರದಲ್ಲಿ 30 ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತೇನೆ. ತರಬೇತಿ ಕೊಟ್ಟು ಒಂದು ವರ್ಷವಾಗುವಷ್ಟರಲ್ಲಿ ಹುಡುಗಿಯರು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೊರಟಿರುತ್ತಾರೆ. ರಾತ್ರಿ 8ಕ್ಕೆ ಫೋನ್ ಮಾಡಿ ‘ಜ್ವರ’ ಎಂದರೆ ನಾನು ಯಾರನ್ನು ಕರೆಯಲಿ? ಓವರ್‌ಟೈಮ್ ಹಣವನ್ನು ಮಾತ್ರ ತಪ್ಪಿಸಿಲ್ಲ. ಇನ್ನೂರು ಹಾಸಿಗೆಯ ದೊಡ್ಡವರಿಗೆ ಈ ನೆಪವೂ ಇಲ್ಲ ಎಂಬುದನ್ನು ಒಪ್ಪುತ್ತೇನೆ.

– ವೈದ್ಯರು, ಚಿತ್ರದುರ್ಗ ಜಿಲ್ಲೆ

*

ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ಇಲ್ಲಿ ಸ್ವರ್ಗವೇನಿಲ್ಲ ಅಕ್ಕ, ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಸ್ಸಿನಲ್ಲಿ ನಿದ್ದೆಹೋಗಿ ನಿಲ್ದಾಣ ದಾಟಿದ್ದುಂಟು. ಆದರೆ ಎರಡು ಡ್ಯೂಟಿಗಳ ನಡುವೆ 11 ಗಂಟೆ ಬಿಡುವು ಕೊಡಬೇಕೆಂಬ ನಿಯಮವಿದೆ. ವಾರಕ್ಕೆ ಸರಾಸರಿ 48 ಗಂಟೆ ಮೀರಬೇಕೆಂದರೆ ನಾನೇ ಸಹಿ ಹಾಕಿ ಒಪ್ಪಬೇಕು. ಹೆಚ್ಚುವರಿ ಪಾಳಿ ಮಾಡುತ್ತೇನೆ, ಊರಿನ ಸಾಲ ತೀರಬೇಕಲ್ಲ. ಬೇಡ ಎಂದ ದಿನ ಯಾರೂ ಮುಖ ತಿರುಗಿಸುವುದಿಲ್ಲ. ಅಲ್ಲಿದ್ದಾಗ ‘ಬೇಡ’ ಎನ್ನಬಹುದು ಎಂದೇ ಗೊತ್ತಿರಲಿಲ್ಲ.

– ಮಂಗಳೂರಿನವಳು, ಈಗ ಬರ್ಮಿಂಗ್‌ಹ್ಯಾಮ್

*

ಮಗಳೇ, ಎಲ್ಲರೂ ಆಸ್ಪತ್ರೆಯ ಬಗ್ಗೆ ಬರೆಯುತ್ತಾರೆ. ನಾನು ಅತ್ತೆಯ ಪರವಾಗಿ ಬರೆಯುತ್ತೇನೆ. ನನ್ನ ಸೊಸೆಯೂ ಸಿಸ್ಟರ್. ನಾನೂ ಮುಖ ಊದಿಸಿಕೊಂಡವಳೇ. ಒಂದು ರಾತ್ರಿ ಸಿಟ್ಟು ಬಂದು, ಅಳುತ್ತಿದ್ದ ಮೊಮ್ಮಗನನ್ನು ಎತ್ತಿಕೊಂಡು, ಆಟೊ ಹಿಡಿದು ನೇರ ಆಸ್ಪತ್ರೆಗೆ ಹೋದೆ. ಒಂಬತ್ತೂವರೆ ಆಗಿತ್ತು. ಮಧ್ಯಾಹ್ನ ನಾನೇ ಕಟ್ಟಿಕೊಟ್ಟ ಡಬ್ಬಿ ಮೇಜಿನ ಕೆಳಗೆ ಹಾಗೇ ಇತ್ತು, ಚಿತ್ರಾನ್ನ ಹಳಸಿ ವಾಸನೆ ಬರುತ್ತಿತ್ತು. ಅವಳು ನನ್ನನ್ನು ನೋಡಲೂ ಇಲ್ಲ, ಒಂದು ಮಂಚದಿಂದ ಇನ್ನೊಂದಕ್ಕೆ ಓಡುತ್ತಿದ್ದಳು. ಮಗುವಿಗೆ ಕಾರಿಡಾರಿನಲ್ಲೇ ಬಿಸ್ಕತ್ತು ತಿನ್ನಿಸಿ ಕರೆದುಕೊಂಡು ಬಂದೆ. ನಿನ್ನ ಅತ್ತೆಯನ್ನೂ ಒಂದು ಸಂಜೆ ವಾರ್ಡಿಗೆ ಕರೆಸು. ಈಗ ನಮ್ಮ ಮನೆಗೆ ‘ಇವತ್ತೊಂದು ದಿನ’ ಎಂದು ಫೋನ್ ಬಂದರೆ ಎತ್ತುವುದು ನಾನೇ. ಆ ಇನ್‌ಚಾರ್ಜ್ ಸಿಸ್ಟರ್ ಈಚೆಗೆ ನಮ್ಮ ನಂಬರಿಗೆ ಮಾಡುವುದನ್ನು ಕಡಿಮೆ ಮಾಡಿದ್ದಾರೆ.

– ಗೃಹಿಣಿ, ಹಾಸನ